ಬೆಳ್ಳಿ ಬಣ್ಣವಿಲ್ಲದೆ ಬೆಳ್ಳಿ ವಿಮಾನ

ಮಕ್ಕಳೇ, ಮಿಗ್-21 ಯುದ್ಧವಿಮಾನದ ಚಿತ್ರವನ್ನು ನೀವು ನೋಡಿರಬಹುದು. ಉದ್ದನೆಯ ಕೊಳವೆಯಂತಹ ಒಡಲು, ತ್ರಿಕೋನಾಕಾರದ ರೆಕ್ಕೆಗಳು. 1963ರಲ್ಲಿ ಭಾರತೀಯ ವಾಯುಪಡೆಗೆ ಸೇರಿದ ಈ ವಿಮಾನ 2025ರಲ್ಲಿ ನಿವೃತ್ತಿಯಾಯಿತು. ಮೊದಲ ವರ್ಷಗಳಲ್ಲಿ ಅದಕ್ಕೆ ಬಣ್ಣ ಬಳಿದಿರಲಿಲ್ಲ. ಲೋಹದ ಮೈಯೇ ಹೊಳೆಯುತ್ತಿತ್ತು. ಹೊಳಪು ಬಹುದೂರಕ್ಕೆ ಕಾಣುತ್ತದೆ. ಆದ್ದರಿಂದ 1971ರ ಯುದ್ಧದ ಕಾಲದಲ್ಲಿ ಅನೇಕ ಮಿಗ್‌ಗಳಿಗೆ ಹಸಿರು ಮುಂತಾದ ಮರೆಮಾಚುವ ಬಣ್ಣ ಬಳಿದರು.

ಆ ಹಳೆಯ ಹೊಳೆಯುವ ಮಿಗ್ ಅನ್ನು ಜಲವರ್ಣದಲ್ಲಿ ಬರೆಯೋಣವೇ? ಬಣ್ಣದ ಪೆಟ್ಟಿಗೆಯಲ್ಲಿ ಬೆಳ್ಳಿ ಬಣ್ಣ ಇಲ್ಲದಿದ್ದರೆ ಚಿಂತೆಯಿಲ್ಲ. ಬರಿಯ ಬೂದು ಬಣ್ಣ ಮಾತ್ರ ಬೇಡ, ವಿಮಾನ ಸಿಮೆಂಟಿನದರಂತೆ ಕಂಡೀತು!

ಮೊದಲು ಒಂದು ಪ್ರಯೋಗ. ಸ್ಟೀಲ್ ಲೋಟವೊಂದನ್ನು ಅಂಗಳದ ಮಣ್ಣಿನ ಮೇಲೆ ಅಡ್ಡ ಮಲಗಿಸಿ, ಸ್ವಲ್ಪ ದೂರದಲ್ಲಿ ಕುಳಿತು ಗಮನಿಸಿ. (ಅದರಲ್ಲಿ ಕಾಣುವ ಸೂರ್ಯನನ್ನು ದಿಟ್ಟಿಸಬೇಡಿ.) ಲೋಟದ ಮೇಲ್ಭಾಗದಲ್ಲಿ ಆಕಾಶದ ತಿಳಿನೀಲಿ, ಕೆಳಭಾಗದಲ್ಲಿ ಮಣ್ಣಿನ ಬಣ್ಣ, ನಡುವೆ ಮರ, ಗೋಡೆಗಳ ಕಪ್ಪು ಪಟ್ಟೆ ಕಾಣುತ್ತದೆ. ಈಗ ಲೋಟದ ಕೆಳಗೆ ಹಸಿರು ಬಟ್ಟೆ ಹಾಸಿ. ಮಣ್ಣಿನ ಬಣ್ಣ ಹೋಗಿ ಹಸಿರು ಬಂತಲ್ಲವೇ? ನುಣುಪಾದ ಲೋಹ ಕನ್ನಡಿಯಂತೆ ಸುತ್ತಲಿನ ಬೆಳಕನ್ನು ಪ್ರತಿಫಲಿಸುತ್ತದೆ. ನೆಲದ ಮೇಲೆ ನಿಂತ ವಿಮಾನದ ಒಡಲೂ ಅಡ್ಡ ಮಲಗಿದ ದೊಡ್ಡ ಲೋಟವೇ.

ಇನ್ನು ಕುಂಚ ಹಿಡಿಯಿರಿ. ದಪ್ಪನೆಯ ಡ್ರಾಯಿಂಗ್ ಹಾಳೆಯ ಅಂಚುಗಳನ್ನು ಹಲಗೆಗೆ ಅಂಟಿಸಿಕೊಳ್ಳಿ. ಕಾಗದದ ನಾರುಗಳು ನೀರು ಹೀರಿ ಉಬ್ಬುತ್ತವೆ. ಅಂಟಿಸದಿದ್ದರೆ ಹಾಳೆ ಸುಕ್ಕಾಗುತ್ತದೆ. ಪೆನ್ಸಿಲಿನಿಂದ ತೆಳುವಾಗಿ ವಿಮಾನ ಬರೆದು, ಒಡಲಿನ ಭಾಗವನ್ನು ಬರಿಯ ನೀರಿನಿಂದ ಒದ್ದೆ ಮಾಡಿ. ಮೇಲ್ಗಡೆ ತೆಳು ನೀಲಿ, ಕೆಳಗಡೆ ತೆಳು ಕಂದು ಮುಟ್ಟಿಸಿ. ಬಣ್ಣದ ಕಣಗಳು ನೀರಿನೊಂದಿಗೆ ತಾವಾಗಿಯೇ ಹರಡಿ, ಅಂಚು ಮೃದುವಾಗುತ್ತದೆ. ಒಣಗಿದ ಮೇಲೆ ನಡುವಿನ ಕಪ್ಪು ಪಟ್ಟೆ ಎಳೆಯಿರಿ.

ಅತಿ ಹೆಚ್ಚು ಹೊಳೆಯುವ ಜಾಗಕ್ಕೆ ಬಣ್ಣವನ್ನೇ ಹಚ್ಚಬೇಡಿ. ಪೋಸ್ಟರ್ ಬಣ್ಣ ಕಾಗದವನ್ನು ಮುಚ್ಚಿಬಿಡುತ್ತದೆ. ಜಲವರ್ಣ ಹಾಗಲ್ಲ, ಬೆಳಕು ಅದರ ತೆಳು ಪದರವನ್ನು ಹಾಯ್ದು, ಬಿಳಿ ಕಾಗದಕ್ಕೆ ತಗುಲಿ ಹಿಂದಿರುಗುತ್ತದೆ. ಪದರ ಹೆಚ್ಚಿದಷ್ಟೂ ಹಿಂದಿರುಗುವ ಬೆಳಕು ಕಡಿಮೆ. ಬಿಟ್ಟ ಬಿಳಿ ಕಾಗದವೇ ಚಿತ್ರದ ಅತಿ ಪ್ರಕಾಶದ ಭಾಗ. ಅದರ ಪಕ್ಕದಲ್ಲೇ ಕಪ್ಪು ಪಟ್ಟೆಯಿದ್ದರೆ ಲೋಹ ಫಳಫಳ ಎನ್ನುತ್ತದೆ!

ಕೇಸರಿ, ಬಿಳಿ, ಹಸಿರಿನ ವಾಯುಪಡೆಯ ವೃತ್ತವನ್ನು ಎಲ್ಲಕ್ಕಿಂತ ಕೊನೆಗೆ ಬರೆಯಿರಿ. ಹಾಳೆ ಪೂರ್ತಿ ಒಣಗಿರಬೇಕು, ಇಲ್ಲವಾದರೆ ಕೇಸರಿ ಹರಿದು ರೆಕ್ಕೆಯೆಲ್ಲ ತುಂಬೀತು.