ರಕ್ತದೊತ್ತಡದ ಗುಳಿಗೆ ತಲೆನೋವಿಗೇಕೆ?

ಸೋದರಿ, ಅರೆತಲೆನೋವಿಗೆಂದು ವೈದ್ಯರು ಬರೆದುಕೊಟ್ಟ ಪ್ರೊಪ್ರನೊಲಾಲ್ ಗುಳಿಗೆಯನ್ನು ಔಷಧದಂಗಡಿಯವನು ‘ಬಿಪಿ ಮಾತ್ರೆ’ ಎಂದೊಡನೆ ತಾವು ಗಾಬರಿಗೊಂಡುದು ಸಹಜವಾದರೂ, ವೈದ್ಯರು ತಪ್ಪಿದರೆಂದು ಭಾವಿಸಲು ಕಾರಣವಿಲ್ಲ. ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಅವರು ಹೃದಯಶೂಲೆಗೆಂದು ರೂಪಿಸಿದ, 1988ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಲು ಒಂದು ಕಾರಣವೂ ಆದ ಈ ಔಷಧವು, ಅಡ್ರಿನಲಿನ್ನಿನ ಪ್ರಚೋದನೆಯನ್ನು ತಡೆದು ಹೃದಯವನ್ನು ಶಾಂತಗೊಳಿಸುವುದಲ್ಲದೆ, ಅರೆತಲೆನೋವು ಮರುಕಳಿಸುವುದನ್ನೂ, ಕಾಫಿಯ ಲೋಟವೆತ್ತುವಾಗ ನಡುಗುವ ಕೈಯ ಕಂಪನವನ್ನೂ, ವೇದಿಕೆಯೇರಿದ ಗಾಯಕರ—ಭಾಷಣಕಾರರದೂ ಎನ್ನಿ—ಎದೆಬಡಿತವನ್ನೂ ತಗ್ಗಿಸಬಲ್ಲುದು. ನೋವೆದ್ದಾಗ ನುಂಗುವ ಗುಳಿಗೆ ಇದಲ್ಲ. ಪ್ರತಿದಿನವೂ ಸೇವಿಸುತ್ತ ಫಲಕ್ಕಾಗಿ ಕೆಲವು ವಾರ ಕಾಯಬೇಕು. ತಮಗೆ ಆಸ್ತಮಾ ಇದ್ದಲ್ಲಿ ಮಾತ್ರ, ಒಂದನ್ನೂ ನುಂಗದೆ ಮೊದಲು ವೈದ್ಯರಿಗೆ ತಿಳಿಸತಕ್ಕದ್ದು. ಗುಣವಾಯಿತೆಂದು ತಾವಾಗಿಯೇ ಹಠಾತ್ತನೆ ನಿಲ್ಲಿಸಲೂ ಕೂಡದು.