ಸ್ತಬ್ಧವಾಗುವ ಗಣಕಯಂತ್ರ: ದೋಷಪತ್ತೆಯ ಕ್ರಮ ಮತ್ತು ಲೆಕ್ಕಪತ್ರದ ರಕ್ಷಣೆ

ಮದ್ದೂರಿನ ಪೇಟೆಬೀದಿಯ ಸಿಮೆಂಟು-ಕಬ್ಬಿಣದ ಅಂಗಡಿಯೊಂದನ್ನು ಕಲ್ಪಿಸಿಕೊಳ್ಳಬಹುದು. ತಿಂಗಳ 19ನೆಯ ತಾರೀಖಿನ ಸಂಜೆ. ಮರುದಿನ ಜಿ.ಎಸ್.ಟಿ.ಆರ್.-3ಬಿ ಮಾಸಿಕ ವಿವರಪಟ್ಟಿ ಸಲ್ಲಿಸಲು ಕೊನೆಯ ದಿನ. ಗುಮಾಸ್ತರು ಅಂಕಿಗಳನ್ನು ತೆಗೆಯುತ್ತಿರುವಾಗ ಗಣಕಯಂತ್ರದ ಪರದೆ ಇದ್ದಕ್ಕಿದ್ದಂತೆ ಸ್ತಬ್ಧವಾಗುತ್ತದೆ. ಮೌಸ್ ಅಲುಗುವುದಿಲ್ಲ, ಕೀಲಿಮಣೆ ಕೆಲಸ ಮಾಡುವುದಿಲ್ಲ. ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡಿದರೆ ಫ್ಯಾನು ತಿರುಗುತ್ತದೆಯೇ ಹೊರತು ವಿಂಡೋಸ್ ತೆರೆದುಕೊಳ್ಳುವುದಿಲ್ಲ. ಆಗ ಸಾಮಾನ್ಯವಾಗಿ ಕೇಳಿಬರುವ ಸಲಹೆ ಒಂದೇ: ‘ಫಾರ್ಮ್ಯಾಟ್ ಮಾಡಿಸಿಬಿಡಿ.’

ವರ್ತಕರಿಗೆ ಅತ್ಯಂತ ದುಬಾರಿಯಾಗಬಲ್ಲ ಸಲಹೆಯೂ ಇದೇ. ಕೆಟ್ಟಿರುವುದು ಕೆಲವು ನೂರು ರೂಪಾಯಿಯ ಬಿಡಿಭಾಗವಾಗಿರಬಹುದು. ಅಳಿಸಿಹೋಗುವುದು ಮಾತ್ರ ವರ್ಷಗಳ ಲೆಕ್ಕ. ಜಿ.ಎಸ್.ಟಿ. ಕಾಯಿದೆಯ 36ನೆಯ ಕಲಮಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿಯ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಕಾಪಾಡಬೇಕು. ವಿವರಪಟ್ಟಿ ತಡವಾದರೆ ದಿನಕ್ಕೆ 50 ರೂಪಾಯಿಯ ಶುಲ್ಕ ಬೀಳುತ್ತದೆ. ಬಾಕಿ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿ ಬೇರೆ. ಆದ್ದರಿಂದ ದುರಸ್ತಿಯ ಮೊದಲ ಸೂತ್ರ ಇದು: ಮೊದಲು ಲೆಕ್ಕ, ಆಮೇಲೆ ಯಂತ್ರ.

ಸ್ತಬ್ಧವಾಗುವುದು ಒಂದು ಎಚ್ಚರಿಕೆ

ಯಂತ್ರವು ಒಂದೇ ದಿನದಲ್ಲಿ ಪೂರ್ತಿ ನಿಂತುಹೋಗುವುದು ಅಪರೂಪ. ಬಹುಪಾಲು ಸಂದರ್ಭಗಳಲ್ಲಿ ವಾರಗಳ ಮೊದಲೇ ಆಗಾಗ ಸ್ತಬ್ಧವಾಗುವುದು, ತಾನಾಗಿಯೇ ಮರುಚಾಲನೆಗೊಳ್ಳುವುದು, ಕಡತ ತೆರೆಯಲು ತಡವಾಗುವುದು ಮುಂತಾದ ಲಕ್ಷಣಗಳು ಕಾಣುತ್ತವೆ. ಮೊದಲ ಬಾರಿ ಸ್ತಬ್ಧವಾದ ದಿನವೇ ಲೆಕ್ಕದ ತಂತ್ರಾಂಶದ ದತ್ತಾಂಶವನ್ನು ಹೊರಗಿನ ಡಿಸ್ಕಿಗೆ ಅಥವಾ ಪೆನ್ ಡ್ರೈವಿಗೆ ನಕಲು ಮಾಡಿಕೊಳ್ಳತಕ್ಕದ್ದು. ಅಂದಿನಿಂದ ಒಂದು ಚಿಕ್ಕ ಪುಸ್ತಕದಲ್ಲಿ ದಿನವಹಿ ಬರೆದಂತೆ ನಾಲ್ಕು ಸಂಗತಿಗಳನ್ನು ಬರೆದಿಡಬೇಕು: ಎಷ್ಟು ಹೊತ್ತಿಗೆ ನಿಂತಿತು, ಆಗ ಯಾವ ಕೆಲಸ ನಡೆಯುತ್ತಿತ್ತು, ಏನಾದರೂ ಶಬ್ದ ಬಂದಿತೇ, ಅದೇ ಹೊತ್ತಿಗೆ ವಿದ್ಯುತ್ ಏರಿಳಿಯಿತೇ. ಅನುಭವಿ ತಂತ್ರಜ್ಞನಿಗೆ ಈ ನಾಲ್ಕು ಸಾಲುಗಳಿಂದಲೇ ಅರ್ಧ ಉತ್ತರ ಸಿಗುತ್ತದೆ.

ಪರದೆ ನಿಂತಾಗ ಕೀಲಿಮಣೆಯ ‘ನಮ್ ಲಾಕ್’ ಗುಂಡಿಯನ್ನು ಒತ್ತಿ ನೋಡಬೇಕು. ಅದರ ದೀಪ ಆರಿ ಹತ್ತುತ್ತಿದ್ದರೆ ಯಂತ್ರ ಇನ್ನೂ ಜೀವಂತವಾಗಿದೆ ಎಂದು ಅರ್ಥ. ತಂತ್ರಾಂಶವೋ ಡಿಸ್ಕೋ ತಡಮಾಡುತ್ತಿದೆ, ಹತ್ತು ನಿಮಿಷ ಕಾಯುವುದು ಲೇಸು. ದೀಪ ಬದಲಾಗದಿದ್ದರೆ ಸಂಶಯವು ವಿದ್ಯುತ್, ಶಾಖ, ಮೆಮೊರಿ ಅಥವಾ ಮದರ್‌ಬೋರ್ಡಿನ ಕಡೆಗೆ ತಿರುಗುತ್ತದೆ. ಆಗ ಮಾತ್ರ ಪವರ್ ಗುಂಡಿಯನ್ನು ಐದಾರು ಸೆಕೆಂಡು ಒತ್ತಿಹಿಡಿದು ಆರಿಸಬೇಕು.

ಎಲ್ಲಿ ನಿಂತಿತು?

ಚಾಲನೆಗೊಳ್ಳದ ಯಂತ್ರವನ್ನು ಮೂರು ವರ್ಗಗಳಲ್ಲಿ ವಿಂಗಡಿಸಬಹುದು.

ಮೊದಲನೆಯದು, ಗುಂಡಿ ಒತ್ತಿದರೂ ದೀಪವಿಲ್ಲ, ಫ್ಯಾನಿಲ್ಲ. ಇದು ವಿದ್ಯುತ್ ಪೂರೈಕೆಯ ದೋಷ: ಗೋಡೆಯ ಸಾಕೆಟ್, ತಂತಿ, ಯು.ಪಿ.ಎಸ್., ಎಸ್.ಎಂ.ಪಿ.ಎಸ್. ಅಥವಾ ಪವರ್ ಗುಂಡಿ.

ಎರಡನೆಯದು, ಫ್ಯಾನು ತಿರುಗುತ್ತದೆ, ಪರದೆಯಲ್ಲಿ ಮಾತ್ರ ಏನೂ ಮೂಡುವುದಿಲ್ಲ. ಕೆಲವು ಯಂತ್ರಗಳಲ್ಲಿ ಬೀಪ್ ಶಬ್ದ ಕೇಳುತ್ತದೆ. ಚಾಲನೆಗೊಂಡ ಕೂಡಲೇ ಯಂತ್ರವು ತನ್ನ ಅಂಗಗಳನ್ನು ತಾನೇ ಪರೀಕ್ಷಿಸಿಕೊಳ್ಳುವ ಹಂತದಲ್ಲಿಯೇ ಸೋತಿದೆ. ಮೆಮೊರಿ, ಗ್ರಾಫಿಕ್ಸ್ ಕಾರ್ಡ್, ಮದರ್‌ಬೋರ್ಡುಗಳನ್ನು ಶಂಕಿಸಬೇಕು. ಬೀಪ್‌ಗಳ ಸಂಖ್ಯೆಯ ಅರ್ಥ ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ ಬೋರ್ಡಿನ ಕೈಪಿಡಿಯನ್ನೇ ನೋಡಬೇಕು.

ಮೂರನೆಯದು, ತಯಾರಕರ ಲಾಂಛನ ಮೂಡುತ್ತದೆ, ಆದರೆ ವಿಂಡೋಸ್ ತೆರೆಯುವುದಿಲ್ಲ. ಇಲ್ಲಿ ಡಿಸ್ಕ್, ಬಯಾಸ್ ವ್ಯವಸ್ಥೆ ಅಥವಾ ವಿಂಡೋಸ್ ಕಡತಗಳೇ ಹೆಚ್ಚಾಗಿ ಕಾರಣ.

ಈ ವಿಂಗಡಣೆ ಮಾಡದೆ ಫಾರ್ಮ್ಯಾಟ್‌ಗೆ ಕೈಹಾಕುವುದು ವ್ಯರ್ಥ. ಮೊದಲ ಎರಡು ವರ್ಗಗಳ ದೋಷಕ್ಕೂ ಡಿಸ್ಕಿನಲ್ಲಿರುವ ವಿಂಡೋಸ್‌ಗೂ ಸಂಬಂಧವೇ ಇಲ್ಲ.

ವಿದ್ಯುತ್

1902ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಸಿದ ಹೆಮ್ಮೆ ಮಳವಳ್ಳಿ ಸೀಮೆಯದು. ಆದರೂ ಇಲ್ಲಿನ ಗಣಕಯಂತ್ರಗಳ ವಿಷಯದಲ್ಲಿ ಮೊದಲು ಶಂಕಿಸಬೇಕಾದದ್ದು ವಿದ್ಯುತ್ತನ್ನೇ. ಅಕ್ಕಿ ಗಿರಣಿಯ ದೊಡ್ಡ ಮೋಟಾರು ಚಾಲೂ ಆಗುವ ಕ್ಷಣದಲ್ಲಿ ಅದೇ ಲೈನಿನ ವೋಲ್ಟೇಜ್ ಕುಸಿಯುತ್ತದೆ. ಕಚೇರಿಯ ಬಲ್ಬು ಒಂದು ಕ್ಷಣ ಮಂಕಾಗುವ ಹೊತ್ತಿಗೇ ಯಂತ್ರವೂ ಸ್ತಬ್ಧವಾಗುತ್ತಿದ್ದರೆ ಕಾರಣ ಹುಡುಕಲು ಕ್ಯಾಬಿನೆಟ್ ಬಿಚ್ಚಬೇಕಾಗಿಲ್ಲ. ಕಚೇರಿಗೆ ಬೇರೆ ಲೈನು, ಸಮರ್ಪಕ ಅರ್ಥಿಂಗ್ ಮತ್ತು ಸುಸ್ಥಿತಿಯ ಯು.ಪಿ.ಎಸ್. ಒದಗಿಸುವುದೇ ಪರಿಹಾರ.

ಯು.ಪಿ.ಎಸ್. ಬ್ಯಾಟರಿ ಎರಡು-ಮೂರು ವರ್ಷಗಳಲ್ಲಿ ಸಾಮಾನ್ಯವಾಗಿ ದುರ್ಬಲವಾಗುತ್ತದೆ. ಪರೀಕ್ಷೆ ಸರಳ: ತೆರೆದ ಕೆಲಸವನ್ನೆಲ್ಲ ಉಳಿಸಿ ಮುಚ್ಚಿ, ಗೋಡೆಯ ಸ್ವಿಚ್ ಆರಿಸಿ, ಯಂತ್ರ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡುವುದು. ಯಂತ್ರ ಈಗಾಗಲೇ ನಿಂತುಹೋಗಿದ್ದರೆ ಯು.ಪಿ.ಎಸ್. ತಪ್ಪಿಸಿ, ಬೇರೆ ತಂತಿಯ ಮೂಲಕ ನೇರವಾಗಿ ಸಾಕೆಟ್‌ಗೆ ಜೋಡಿಸಿ ನೋಡಬೇಕು.

ಎಸ್.ಎಂ.ಪಿ.ಎಸ್. ಶಂಕಾಸ್ಪದವಾದರೆ ತಂತ್ರಜ್ಞನಿಂದ ಅಳತೆ ಮಾಡಿಸಬೇಕು. 12 ವೋಲ್ಟಿನ ಲೈನು 11.4ರಿಂದ 12.6ರ ಒಳಗೂ, 5 ವೋಲ್ಟಿನದು 4.75ರಿಂದ 5.25ರ ಒಳಗೂ ಇರಬೇಕು. ಯಂತ್ರಕ್ಕೆ ಕೆಲಸವಿಲ್ಲದಾಗ ಸರಿಯಾಗಿದ್ದು, ಕೆಲಸದ ಹೊರೆ ಬಿದ್ದಾಗ ಕುಸಿಯುವ ಎಸ್.ಎಂ.ಪಿ.ಎಸ್.ಗಳೂ ಉಂಟು, ಒಳ್ಳೆಯ ಇನ್ನೊಂದನ್ನು ಜೋಡಿಸಿ ನೋಡುವುದೇ ಖಚಿತ ಪರೀಕ್ಷೆ. ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬಾರದು. ತಂತಿ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಪ್ರಾಣಾಪಾಯವಾಗುವಷ್ಟು ವಿದ್ಯುತ್ ಉಳಿದಿರಬಹುದು.

ಧೂಳು ಮತ್ತು ಶಾಖ

ಚಾಲೂ ಮಾಡಿದ ಹತ್ತಿಪ್ಪತ್ತು ನಿಮಿಷಕ್ಕೆ ನಿಂತು, ತಣ್ಣಗಾದ ಮೇಲೆ ಮತ್ತೆ ಸರಿಯಾಗಿ ಓಡುವ ಯಂತ್ರದ ದೋಷ ಬಹುತೇಕ ಶಾಖವೇ. ಗಿರಣಿಯ ತೌಡಿನ ಧೂಳು, ಆಲೆಮನೆಯ ಹೊಗೆ-ಬೂದಿ, ಮಂಡಿಯ ಬೆಲ್ಲದ ಜಿಗುಟು ಇವು ಪ್ರೊಸೆಸರ್ ಮೇಲಿನ ಲೋಹದ ರೆಕ್ಕೆಗಳ ನಡುವೆ ಕಂಬಳಿಯಂತೆ ಕಟ್ಟಿಕೊಳ್ಳುತ್ತವೆ. ಬೆಲ್ಲದ ವಾಸನೆಗೆ ಇರುವೆಗಳೂ ಒಳಸೇರುವುದುಂಟು. ಬಯಾಸ್ ಪುಟದಲ್ಲಿ ಪ್ರೊಸೆಸರಿನ ಉಷ್ಣಾಂಶ ಕಾಣುತ್ತದೆ. ಯಾವ ಕೆಲಸವೂ ನಡೆಯದ ಆ ಹೊತ್ತಿನಲ್ಲಿಯೇ ಅದು 80 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದರೆ ತಂಪುಗೊಳಿಸುವ ವ್ಯವಸ್ಥೆ ಸೋತಿದೆಯೆಂದೇ ತಿಳಿಯಬೇಕು.

ವಿದ್ಯುತ್ ತಂತಿ ತೆಗೆದು, ಕ್ಯಾಬಿನೆಟ್ಟನ್ನು ಬಯಲಿಗೆ ಒಯ್ದು, ಮೃದುವಾದ ಬ್ರಷ್ ಮತ್ತು ಬ್ಲೋಯರ್‌ನಿಂದ ಶುಚಿಗೊಳಿಸಬೇಕು. ಗಾಳಿ ಊದುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು. ಒದ್ದೆ ಬಟ್ಟೆ ಸಲ್ಲದು. ಪ್ರೊಸೆಸರ್ ಮತ್ತು ಲೋಹದ ನಡುವಿನ ಥರ್ಮಲ್ ಪೇಸ್ಟ್ ಒಣಗಿದ್ದರೆ ಹೊಸದಾಗಿ ಹಚ್ಚಿಸಬೇಕು. ಧೂಳಿನ ಸ್ಥಳಗಳಲ್ಲಿ ಮೂರು ತಿಂಗಳಿಗೊಮ್ಮೆ ಶುಚಿಗೊಳಿಸುವುದು ಒಳಿತು.

ಮೆಮೊರಿ, ಸೆಲ್ ಮತ್ತು ಬೋರ್ಡ್

ಎರಡನೆಯ ವರ್ಗದ ದೋಷದಲ್ಲಿ ಮೊದಲು ನೋಡಬೇಕಾದದ್ದು ಮೆಮೊರಿ ಪಟ್ಟಿ. ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ ಕಳೆದುಕೊಂಡು, ಪಟ್ಟಿಯನ್ನು ಹೊರತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಉದುರಿಸಿ ಮತ್ತೆ ಕೂರಿಸಬೇಕು. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ಚಾಲೂ ಮಾಡಿದರೆ ಕೆಟ್ಟದ್ದು ಯಾವುದೆಂದು ತಿಳಿಯುತ್ತದೆ.

ದಿನಾಂಕ ಪದೇಪದೇ ಹಿಂದಕ್ಕೆ ಹೋಗುತ್ತಿದ್ದರೆ ಬೋರ್ಡಿನ ಮೇಲಿನ ನಾಣ್ಯದಾಕಾರದ 3 ವೋಲ್ಟಿನ ಸೆಲ್ ಮುಗಿದಿದೆ. ಬಹುತೇಕ ಬೋರ್ಡುಗಳಲ್ಲಿರುವುದು ಸಿ.ಆರ್. 2032 ಎಂಬ ಅಗ್ಗದ ಸೆಲ್. ಅದು ಮುಗಿದರೆ ಬಯಾಸ್ ವ್ಯವಸ್ಥೆಗಳು ಮೂಲಸ್ಥಿತಿಗೆ ಮರಳಿ ವಿಂಡೋಸ್ ತೆರೆಯದೆ ಹೋಗಬಹುದು. ದಿನಾಂಕ ತಪ್ಪಿದರೆ ಜಿ.ಎಸ್.ಟಿ. ಪೋರ್ಟಲ್ಲಿನಂತಹ ಭದ್ರತಾ ತಾಣಗಳೂ ತೆರೆಯುವುದಿಲ್ಲ. ಬಿಲ್ಲುಗಳ ಮೇಲೆ ತಪ್ಪು ತಾರೀಖು ಬೀಳುತ್ತದೆ.

ಬೋರ್ಡಿನ ಮೇಲಿನ ಉರುಳೆಯಾಕಾರದ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ ಅಥವಾ ಕಂದು ದ್ರವ ಸೋರಿದ್ದರೆ ಬೋರ್ಡ್ ಕೆಟ್ಟಿದೆ. 1990ರ ದಶಕದ ಕೊನೆಯಿಂದ 2000ರ ದಶಕದ ಮಧ್ಯದವರೆಗೆ ತಯಾರಾದ ಅನೇಕ ಬೋರ್ಡುಗಳಲ್ಲಿ ಈ ದೋಷ ಜಗತ್ತಿನಾದ್ಯಂತ ಕಂಡುಬಂದಿತ್ತು. ನಂತರದ ಬೋರ್ಡುಗಳಲ್ಲಿ ಘನ ಕೆಪಾಸಿಟರ್‌ಗಳ ಬಳಕೆಯಿಂದ ಅದು ಬಹುಮಟ್ಟಿಗೆ ತಗ್ಗಿದೆ.

ಡಿಸ್ಕ್

ಮೂರನೆಯ ವರ್ಗದಲ್ಲಿ ಅತಿ ಎಚ್ಚರ ಅಗತ್ಯ. ಹಾರ್ಡ್ ಡಿಸ್ಕಿನಿಂದ ಟಕ್-ಟಕ್ ಎಂಬ ಶಬ್ದ ಬರುತ್ತಿದ್ದರೆ ಯಂತ್ರವನ್ನು ತಕ್ಷಣ ಆರಿಸಬೇಕು. ಪ್ರತಿ ಬಾರಿ ಚಾಲೂ ಮಾಡಿದಾಗಲೂ ಉಳಿದ ದತ್ತಾಂಶ ಮತ್ತಷ್ಟು ಹಾಳಾಗಬಹುದು. ದೋಷ ಸರಿಪಡಿಸುವ ತಂತ್ರಾಂಶಗಳನ್ನು ಇಂತಹ ಡಿಸ್ಕಿನ ಮೇಲೆ ಓಡಿಸಬಾರದು. ಶಬ್ದವಿಲ್ಲದಿದ್ದರೆ ಡಿಸ್ಕಿನ ತಂತಿಗಳನ್ನು ಬಿಗಿಗೊಳಿಸಿ, ಬಯಾಸ್‌ನಲ್ಲಿ ಡಿಸ್ಕಿನ ಹೆಸರು ಕಾಣುವುದೇ ಎಂದು ನೋಡಬೇಕು. ಕಂಡರೆ ಡಿಸ್ಕನ್ನು ತೆಗೆದು ಇನ್ನೊಂದು ಯಂತ್ರಕ್ಕೆ ಜೋಡಿಸಿ ಲೆಕ್ಕದ ಕಡತಗಳನ್ನು ನಕಲು ಮಾಡಿಕೊಳ್ಳಬಹುದು. ವಿಂಡೋಸ್‌ನ ಬಿಟ್‌ಲಾಕರ್ ರಕ್ಷಣೆಯಿರುವ ಡಿಸ್ಕು ಮಾತ್ರ ಮರುಪ್ರಾಪ್ತಿ ಕೀಲಿಯಿಲ್ಲದೆ ಬೇರೆ ಯಂತ್ರದಲ್ಲಿ ತೆರೆಯದು. ಆ 48 ಅಂಕಿಗಳ ಕೀಲಿಯನ್ನು ಯಂತ್ರ ಸರಿಯಿರುವಾಗಲೇ ಬರೆದು ತಿಜೋರಿಯಲ್ಲಿಡಬೇಕು.

ನಕಲು ಕೈಸೇರಿದ ಮೇಲೆ ವಿಂಡೋಸ್‌ನ ಸ್ವಯಂ ದುರಸ್ತಿ, ಸೇಫ್ ಮೋಡ್, ಇತ್ತೀಚೆಗೆ ಹಾಕಿದ ತಂತ್ರಾಂಶವನ್ನು ತೆಗೆಯುವುದು ಇವುಗಳನ್ನು ಕ್ರಮವಾಗಿ ಪ್ರಯತ್ನಿಸಬೇಕು. ಫಾರ್ಮ್ಯಾಟ್ ಕಟ್ಟಕಡೆಯದು.

ದುರಸ್ತಿಗೆ ಒಪ್ಪಿಸುವಾಗ

ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ ಫಲ ನೋಡಬೇಕೆಂಬುದು ದೋಷಪತ್ತೆಯ ಮೂಲನಿಯಮ. ಮೆಮೊರಿ, ಎಸ್.ಎಂ.ಪಿ.ಎಸ್., ಡಿಸ್ಕ್ ಮೂರನ್ನೂ ಒಮ್ಮೆಗೇ ಬದಲಿಸಿದರೆ ಯಂತ್ರ ಓಡಬಹುದು. ಕೆಟ್ಟಿದ್ದು ಯಾವುದೆಂದು ತಿಳಿಯುವುದಿಲ್ಲ, ಹಣ ಮಾತ್ರ ಮೂರರದ್ದೂ ಹೋಗುತ್ತದೆ. ಯಂತ್ರ ಕೊಡುವಾಗ ‘ಅನುಮತಿಯಿಲ್ಲದೆ ಫಾರ್ಮ್ಯಾಟ್ ಮಾಡಬಾರದು’ ಎಂದು ರಸೀದಿಯ ಮೇಲೆಯೇ ಬರೆಸಬೇಕು. ಬದಲಿಸಿದ ಹಳೆಯ ಭಾಗಗಳನ್ನು ಮರಳಿ ಕೇಳಿ ಪಡೆಯಬೇಕು. ಮಂಡ್ಯದಲ್ಲಿ ಸಿಗದ ಬಿಡಿಭಾಗವನ್ನು ಮೈಸೂರಿನಿಂದಲೋ ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆಯಿಂದಲೋ ತರಿಸುವಾಗ ಬೋರ್ಡಿನ ಮಾದರಿ ಸಂಖ್ಯೆಯನ್ನು ಬರೆದುಕೊಟ್ಟರೆ ಎರಡನೆಯ ಪ್ರಯಾಣ ತಪ್ಪುತ್ತದೆ. ಬೋರ್ಡೇ ಹೋಗಿದ್ದು, ಯಂತ್ರವು ವಿಂಡೋಸ್ 11ಕ್ಕೆ ಅರ್ಹವಲ್ಲದಷ್ಟು ಹಳೆಯದಾಗಿದ್ದರೆ ಅದಕ್ಕೆ ಹೆಚ್ಚು ಹಣ ಸುರಿಯುವುದು ವಿವೇಕವಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಉಳಿದಂತೆ ಪ್ರತಿದಿನ ಅಂಗಡಿ ಮುಚ್ಚುವ ಮುನ್ನ ಗಲ್ಲಾಪೆಟ್ಟಿಗೆಯ ನಗದು ಎಣಿಸುವಂತೆಯೇ ಲೆಕ್ಕದ ನಕಲನ್ನೂ ತೆಗೆಯುವ ರೂಢಿ ಬೆಳೆಯಬೇಕು. ಎರಡು ಪೆನ್ ಡ್ರೈವುಗಳನ್ನು ದಿನ ಬಿಟ್ಟು ದಿನ ಬಳಸಿ, ಒಂದನ್ನು ಸದಾ ಮನೆಯಲ್ಲಿರಿಸಬೇಕು. ತಿಂಗಳಿಗೊಮ್ಮೆ ಆ ನಕಲನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಬೇಕು. ತೆರೆಯದ ನಕಲು ನಕಲೇ ಅಲ್ಲ. ಇಷ್ಟು ಮಾಡಿದ ಅಂಗಡಿಯಲ್ಲಿ 19ರ ಸಂಜೆ ಯಂತ್ರ ನಿಂತರೂ ಪಕ್ಕದವರ ಯಂತ್ರದಲ್ಲಿ ಲೆಕ್ಕ ತೆರೆದು 20ರೊಳಗೆ ವಿವರಪಟ್ಟಿ ಸಲ್ಲಿಸಬಹುದು. ಯಂತ್ರದ ದುರಸ್ತಿ 21ರಂದು ನಡೆದರೂ ನಷ್ಟವಿಲ್ಲ.