ಮುಖಗವಸೂ ನೆರೆಯವನ ಕ್ಷೇಮವೂ

2020ರಲ್ಲಿ ಕೊರೋನಾ ವ್ಯಾಧಿಯು ಹಬ್ಬಿದಾಗ ನಾವೆಲ್ಲರೂ ಮುಖಗವಸನ್ನು ಕಟ್ಟಿಕೊಂಡೆವು. ಭಯವು ಕಳೆದ ಮೇಲೆ ಅದನ್ನು ಗೂಟಕ್ಕೆ ತೂಗುಹಾಕಿ ಮರೆತುಬಿಟ್ಟೆವು. ಆದರೆ ಅದಕ್ಕಿಂತ ಬಹು ಹಳೆಯದಾದ ಕ್ಷಯರೋಗವು ನಮ್ಮ ಸೀಮೆಯನ್ನು ಇನ್ನೂ ಬಿಟ್ಟುಹೋಗಿಲ್ಲ.

ಈ ರೋಗವು ಬಡವರ ಗುಡಿಸಲಿಗೆ ಮಾತ್ರ ಬರುವಂಥದ್ದೋ? ಅಲ್ಲ. ಮೈಸೂರಿನಲ್ಲಿ ಕೃಷ್ಣರಾಜಸಾಗರದ ರಸ್ತೆಯಲ್ಲಿರುವ ಕ್ಷಯರೋಗದ ಆಸ್ಪತ್ರೆಯು ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿಯಾದ ಕೃಷ್ಣಾಜಮ್ಮಣ್ಣಿಯವರ ಹೆಸರನ್ನು ಹೊತ್ತಿದೆ. ಅವರು ಇದೇ ರೋಗದಿಂದ ತೀರಿಕೊಂಡರು. ಅರಮನೆಯ ಗೋಡೆಗಳೂ ತಡೆಯದ ರೋಗಕ್ಕಾಗಿ ಯಾವ ರೋಗಿಯನ್ನೂ ಹೀನೈಸತಕ್ಕದ್ದಲ್ಲ.

ರೋಗಿಯು ಕೆಮ್ಮುವಾಗಲೂ ಸೀನುವಾಗಲೂ ಕಣ್ಣಿಗೆ ಕಾಣದ ಹನಿಗಳು ಗಾಳಿಯಲ್ಲಿ ಸೇರುತ್ತವೆ. ಗವಸು ಅವುಗಳನ್ನು ಹೊರಡುವ ಸ್ಥಳದಲ್ಲಿಯೇ ಬಹುಮಟ್ಟಿಗೆ ತಡೆಯುತ್ತದೆ. ಆದಕಾರಣ ಮೊದಲು ಅದನ್ನು ಕಟ್ಟಿಕೊಳ್ಳತಕ್ಕವನು ಕೆಮ್ಮುವವನೇ.

ಕಟ್ಟಿಕೊಳ್ಳುವ ಕ್ರಮವೇನಂದರೆ:

1. ಮೊದಲು ಕೈಗಳನ್ನು ಸಾಬೂನಿನಿಂದ ತೊಳೆಯಬೇಕು.

2. ಮೂಗು, ಬಾಯಿ, ಗಲ್ಲ ಮೂರೂ ಮುಚ್ಚಬೇಕು. ಮೂಗನ್ನು ಬಿಟ್ಟು ಕಟ್ಟುವದು ಬಾಗಿಲನ್ನು ತೆರೆದಿಟ್ಟು ಕಿಟಕಿಗೆ ಅಗುಳಿ ಹಾಕಿದಂತೆಯೇ.

3. ಮಾತಾಡುವದಕ್ಕಾಗಿ ಗಲ್ಲದ ಕೆಳಗೆ ಎಳೆಯಬಾರದು, ಮುಂಭಾಗವನ್ನು ಮುಟ್ಟಬಾರದು, ತೆಗೆಯುವಾಗ ದಾರವನ್ನೇ ಹಿಡಿದು ತೆಗೆದು, ತಿರಿಗಿ ಕೈ ತೊಳೆಯಬೇಕು.

4. ಒದ್ದೆಯಾದದ್ದನ್ನು ಬದಲಾಯಿಸಬೇಕು. ಬಟ್ಟೆಯದನ್ನು ದಿನಾಲು ಸಾಬೂನಿನಿಂದ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ಒಂದೇ ಸಾರಿ ಉಪಯೋಗಿಸತಕ್ಕದ್ದನ್ನು ಬೀದಿಯಲ್ಲಿ ಬಿಸಾಡದೆ ಮುಚ್ಚಿದ ಬುಟ್ಟಿಗೆ ಹಾಕಬೇಕು.

5. ಒಬ್ಬರದನ್ನು ಮತ್ತೊಬ್ಬರು ಕಟ್ಟಿಕೊಳ್ಳಬಾರದು. ಎಳೆಯ ಕೂಸುಗಳಿಗೂ ಉಸಿರಾಟ ಕಷ್ಟವಾದವರಿಗೂ ಕಟ್ಟಲೇಬಾರದು.

ಆದರೂ ಗವಸು ಔಷಧವಲ್ಲ. ಕ್ಷಯರೋಗಿಯನ್ನು ಉಪಚರಿಸುವವರಿಗೆ ಬಟ್ಟೆಯ ಗವಸು ಸಾಲದು. ಅವರು ಯಾವದನ್ನು ಧರಿಸಬೇಕೆಂದು ವೈದ್ಯರಿಂದ ತಿಳಿದುಕೊಳ್ಳಲಿ. ಮನೆಯ ಕಿಟಕಿಗಳು ತೆರೆದಿರಲಿ. ಎರಡು ವಾರ ಮೀರಿದ ಕೆಮ್ಮುಳ್ಳವರು ಸರಕಾರದ ಆಸ್ಪತ್ರೆಯಲ್ಲಿ ಕಫವನ್ನು ಪರೀಕ್ಷೆ ಮಾಡಿಸಲಿ. ಅಲ್ಲಿ ಪರೀಕ್ಷೆಗೂ ಔಷಧಕ್ಕೂ ಹಣ ಕೊಡಬೇಕಾದದ್ದಿಲ್ಲ. ಸಾಧಾರಣವಾಗಿ ಆರು ತಿಂಗಳು ಔಷಧವನ್ನು ಬಿಡದೆ ಸೇವಿಸಿದರೆ ರೋಗವು ವಾಸಿಯಾಗುತ್ತದೆ. ಸ್ವಲ್ಪ ಗುಣ ಕಂಡ ಕೂಡಲೆ ನಿಲ್ಲಿಸುವವರಲ್ಲಿ ರೋಗವು ಮುಂಚಿಗಿಂತ ಕಠಿಣವಾಗಿ ತಿರಿಗಿ ಬರಬಹುದು.

ಕಡೆಯದಾಗಿ ಒಂದು ಮಾತು. ಕೂಟದಲ್ಲಿ ಗವಸು ಧರಿಸಿದವರನ್ನು ಕಂಡು ನಾವು ದೂರ ಸರಿದರೆ, ನಾಳೆ ಅವರು ಅದನ್ನು ಕಳಚಿ ರೋಗವನ್ನು ಮರೆಮಾಡುವರು. ಆಗ ಕೇಡು ಯಾರಿಗೆ? ಅವರಿಗೂ ನಮಗೂ ಅಲ್ಲವೇ? ಅವರು ಅದನ್ನು ಧರಿಸಿರುವದು ನಮ್ಮ ಮಕ್ಕಳ ಕ್ಷೇಮಕ್ಕಾಗಿ. ಆದದರಿಂದ ಅವರಿಗೆ ಕಿಟಕಿಯ ಬಳಿಯಲ್ಲಿ ಸ್ಥಳ ಮಾಡಿಕೊಟ್ಟು, ಹೆಸರು ಹಿಡಿದು ಕರೆದು ಕುಶಲವನ್ನು ವಿಚಾರಿಸೋಣ.

ಪ್ರಶ್ನೆಗಳು: ಗವಸನ್ನು ಮೊದಲು ಧರಿಸತಕ್ಕವರು ಯಾರು? ಯಾಕೆ? ನಮ್ಮ ಊರಿನಲ್ಲಿ ನಾಚಿಕೆಯಿಂದ ಕೆಮ್ಮನ್ನು ಮರೆಮಾಡುವವರು ಉಂಟೋ? ಅವರಿಗೆ ನಾವು ಏನು ಮಾಡಬಹುದು?